ನಿಂತ ರೀಫಿಲ್ ಮತ್ತೆ ಬರೆದೀತೆ?

ಪರೀಕ್ಷೆಗೆ ಇನ್ನು ಹತ್ತೇ ದಿನ. ರಾತ್ರಿ ಊಟ ಮುಗಿಸಿ ಗಣಿತದ ಲೆಕ್ಕ ಬಿಡಿಸಲು ಕುಳಿತ ಮಗಳು ಕಂಪಾಸ್ ಪೆಟ್ಟಿಗೆಯಿಂದ ಜೆಲ್ ಪೆನ್ ತೆಗೆದಳು. ಎರಡು ಸಾಲು ಬರೆಯುವಷ್ಟರಲ್ಲಿ ಅದು ನಿಂತಿತು. ಹಾಳೆಯ ಅಂಚಿನಲ್ಲಿ ಗೀಚಿದಳು. ಕಾಗದ ಹರಿಯಿತೇ ಹೊರತು ಗೆರೆ ಮೂಡಲಿಲ್ಲ. ಇನ್ನೊಂದು ಪೆನ್ ತೆಗೆದರೆ ಅದರದೂ ಅದೇ ಪಾಡು. ಕೊನೆಗೆ ತಮ್ಮನ ಪೆನ್ಸಿಲ್ ಎತ್ತಿಕೊಂಡಳು.

ದಿನವಿಡೀ ಆಟೊ ಓಡಿಸಿ ಬಂದಿದ್ದ ತಂದೆ ಇದನ್ನು ಗಮನಿಸಿದರು. ಮೂರು ದಿನಗಳಿಂದ ಮಗಳು ಪೆನ್ಸಿಲ್‌ನಲ್ಲೇ ಲೆಕ್ಕ ಮಾಡುತ್ತಿದ್ದಾಳೆ. ತಿಂಗಳ ಕೊನೆ; ದುಡ್ಡು ಕೇಳಲು ಅವಳಿಗೆ ಮುಜುಗರ. ತಂದೆ ಮೇಜಿನ ಡ್ರಾಯರ್ ಎಳೆದರು. ಒಳಗೆ ಒಂಬತ್ತು ಹಳೆಯ ರೀಫಿಲ್‌ಗಳು ಬಿದ್ದಿದ್ದವು. ಒಂದೊಂದನ್ನೇ ದೀಪಕ್ಕೆ ಹಿಡಿದು ನೋಡಿದರೆ ಆರರಲ್ಲಿ ಅರ್ಧಕ್ಕಿಂತ ಹೆಚ್ಚು ಇಂಕು!

‘ಇದರಲ್ಲಿ ಇಂಕು ಇದೆಯಲ್ಲಮ್ಮಾ?’

‘ಇದೆ ಅಪ್ಪಾ. ಆದ್ರೆ ಬರೀತಿಲ್ಲ.’

ಶಾಲೆಗೆ ಹೋಗುವ ಮಕ್ಕಳಿರುವ ಬಹುತೇಕ ಮನೆಗಳಲ್ಲಿ ಇಂಥ ಒಂದು ಡ್ರಾಯರ್ ಇರುತ್ತದೆ. ಅದರೊಳಗಿನ ರೀಫಿಲ್‌ಗಳನ್ನು ಎಸೆಯಲು ಮನಸ್ಸು ಬರುವುದಿಲ್ಲ, ಇಟ್ಟುಕೊಂಡರೆ ಉಪಯೋಗವಿಲ್ಲ. ಇಂಕು ಇದ್ದೂ ಪೆನ್ ಬರೆಯದಿರಲು ಕಾರಣವೇನು? ಅದನ್ನು ಸರಿಪಡಿಸಲು ಸಾಧ್ಯವೇ? ಉತ್ತರ ತಿಳಿಯಬೇಕಾದರೆ ಮೊದಲು ಆ ಪುಟ್ಟ ಕೊಳವೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಗುಂಡು ಉರುಳಿದರೆ ಅಕ್ಷರ

ಬಾಲ್ ಪೆನ್ನಿಗೂ ಜೆಲ್ ಪೆನ್ನಿಗೂ ಜೀವ ಇರುವುದು ಮೊನೆಯಲ್ಲಿರುವ ಸಣ್ಣ ಗುಂಡಿನಲ್ಲಿ. ಸಾಮಾನ್ಯವಾಗಿ ಟಂಗ್‌ಸ್ಟನ್ ಕಾರ್ಬೈಡ್ ಎಂಬ, ಉಕ್ಕಿಗಿಂತ ಗಡಸಾದ ವಸ್ತುವಿನಿಂದ ಮಾಡಿದ ಈ ಗುಂಡಿನ ವ್ಯಾಸ 0.5 ಅಥವಾ 0.7 ಮಿಲಿಮೀಟರ್. ಲೋಹದ ಚಿಕ್ಕ ಬಟ್ಟಲಿನಲ್ಲಿ ಅದು ಕುಳಿತಿರುತ್ತದೆ. ಬಿದ್ದುಹೋಗದಂತೆ ಬಟ್ಟಲಿನ ಅಂಚು ಅದನ್ನು ಹಿಡಿದುಕೊಂಡಿರುತ್ತದೆ, ಆದರೆ ತಿರುಗುವುದಕ್ಕೆ ಅಡ್ಡಿ ಮಾಡುವುದಿಲ್ಲ. ಗುಂಡಿಗೂ ಅಂಚಿಗೂ ನಡುವಿನ ಸಂದು ತಲೆಗೂದಲಿಗಿಂತ ಕಿರಿದು. ಕಾಗದದ ಮೇಲೆ ಪೆನ್ ಸಾಗಿದಂತೆ ಗುಂಡು ಉರುಳುತ್ತದೆ. ಒಳಗಿನ ಇಂಕನ್ನು ಮೈಗೆ ಮೆತ್ತಿಕೊಂಡು ಹೊರಗೆ ತಂದು ಕಾಗದಕ್ಕೆ ಹಚ್ಚುತ್ತದೆ.

0.5 ಮಿಲಿಮೀಟರ್ ವ್ಯಾಸದ ಗುಂಡಿನ ಸುತ್ತಳತೆ ಸುಮಾರು 1.57 ಮಿಲಿಮೀಟರ್. ಎಂದರೆ ಒಂದು ಮೀಟರ್ ಉದ್ದದ ಗೆರೆ ಎಳೆಯಲು ಅದು ಜಾರದೆ ಉರುಳಿದರೆ ಸುಮಾರು 637 ಸುತ್ತು ಹಾಕಬೇಕು! ಪರೀಕ್ಷೆಯ ಮೂರು ಗಂಟೆಯಲ್ಲಿ ಅದು ಎಷ್ಟು ಸಾವಿರ ಸುತ್ತು ಹಾಕೀತು ಎಂಬ ಲೆಕ್ಕವನ್ನು ಮಕ್ಕಳೇ ಮಾಡಿ ನೋಡಬಹುದು.

ಈ ಉಪಾಯ ಹೊಸದೇನಲ್ಲ. ಅಮೆರಿಕದ ಜಾನ್ ಲೌಡ್ ಎಂಬಾತ 1888ರಲ್ಲಿಯೇ ಇಂಥ ಪೆನ್ನಿಗೆ ಪೇಟೆಂಟ್ ಪಡೆದಿದ್ದ. ಅದು ಚರ್ಮದಂಥ ಒರಟು ಮೈಯ ಮೇಲೆ ಗುರುತು ಹಾಕಲು ಆಗುತ್ತಿತ್ತು. ಕಾಗದದ ಮೇಲೆ ಅಂದವಾಗಿ ಬರೆಯಲು ಒದಗಲಿಲ್ಲ. ತೊಡಕು ಇದ್ದದ್ದು ಗುಂಡಿನಲ್ಲಲ್ಲ, ಇಂಕಿನಲ್ಲಿ. ತೆಳು ಇಂಕು ಸೋರುತ್ತದೆ, ಗಟ್ಟಿ ಇಂಕು ಇಳಿಯುವುದಿಲ್ಲ. ಹಂಗೆರಿಯ ಪತ್ರಕರ್ತ ಲಾಸ್ಲೊ ಬೀರೊ ಎಣ್ಣೆಯಂಥ ಮಂದ ಇಂಕನ್ನು ಬಳಸಿ ಈ ತೊಡಕನ್ನು ಬಿಡಿಸಿದ. 1938ರಲ್ಲಿ ಪೇಟೆಂಟ್ ಪಡೆದ ಆತ ಮುಂದೆ ಅರ್ಜೆಂಟೀನಾಕ್ಕೆ ಹೋಗಿ 1943ರಲ್ಲಿ ಅಲ್ಲಿಯೂ ಪೇಟೆಂಟ್ ಪಡೆದ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಬಾಲ್ ಪೆನ್ ಅದರದೇ ಸಂತತಿ.

ಗಟ್ಟಿಯೂ ಹೌದು, ತೆಳುವೂ ಹೌದು

ಜೆಲ್ ಪೆನ್ ಬಂದದ್ದು ಬಹಳ ತಡವಾಗಿ. ಜಪಾನಿನ ಒಸಾಕಾದ ಸಕುರಾ ಕಂಪನಿ 1984ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಭಾರತದ ಪೇಟೆಯಲ್ಲಿ ಅದು ಜನಪ್ರಿಯವಾದದ್ದು 1990ರ ದಶಕದ ಉತ್ತರಾರ್ಧದ ನಂತರ.

ಜೆಲ್ ಇಂಕಿನ ಬಹುಭಾಗ ನೀರು. ಅದರಲ್ಲಿ ಬಣ್ಣದ ಅತಿ ಸಣ್ಣ ಕಣಗಳು ಹರಡಿಕೊಂಡಿರುತ್ತವೆ. ಬರಿಯ ನೀರಿನಲ್ಲಾದರೆ ಈ ಕಣಗಳು ರಂಗೋಲಿ ಪುಡಿಯಂತೆ ತಳಕ್ಕೆ ಇಳಿದುಬಿಡುತ್ತಿದ್ದವು. ಹಾಗಾಗದಂತೆ ನೀರನ್ನು ಲೋಳೆಯಾಗಿಸುವ ಒಂದು ಅಂಟನ್ನು ಸೇರಿಸುತ್ತಾರೆ. ಸಕುರಾದವರು ಬಳಸಿದ್ದು ಕ್ಸಾಂಥನ್ ಎಂಬ ಅಂಟು. ಇದರ ಹುಟ್ಟು ಸ್ವಾರಸ್ಯಕರವಾಗಿದೆ. ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಒಂದು ಬ್ಯಾಕ್ಟೀರಿಯಾ ತನ್ನ ಸುತ್ತ ಹೆಣೆದುಕೊಳ್ಳುವ ಲೋಳೆಯೇ ಈ ಅಂಟು. ಅಮೆರಿಕದ ಪಿಯೋರಿಯಾ ಎಂಬ ಊರಿನ ಸರ್ಕಾರಿ ಪ್ರಯೋಗಾಲಯದಲ್ಲಿ ಅಲೀನ್ ಜೀನ್ಸ್ ಎಂಬ ಮಹಿಳಾ ರಸಾಯನಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ಇದನ್ನು ಬಳಕೆಗೆ ತಂದರು. ಟೊಮೆಟೊ ಸಾಸ್ ಮುಂತಾದ ತಿನಿಸುಗಳು ಮಂದವಾಗಿರಲು ಇದೇ ಅಂಟನ್ನು ಬಳಸುವುದುಂಟು.

ಈ ಅಂಟಿಗೆ ಒಂದು ವಿಶೇಷ ಗುಣವಿದೆ. ಸುಮ್ಮನೆ ಬಿಟ್ಟರೆ ಗಟ್ಟಿ, ಕಲಕಿದರೆ ತೆಳು. ಮನೆಯ ಗಟ್ಟಿ ಮೊಸರನ್ನೇ ನೋಡಿ. ಪಾತ್ರೆ ವಾಲಿಸಿದರೂ ಅಲುಗದ ಮೊಸರು ಸೌಟಿನಿಂದ ಎರಡು ಸುತ್ತು ತಿರುವಿದರೆ ಹರಿಯತೊಡಗುತ್ತದೆ. ಜೆಲ್ ಇಂಕೂ ಹಾಗೆಯೇ. ಆದರೆ ಒಂದು ವ್ಯತ್ಯಾಸವಿದೆ: ಕಡೆದ ಮೊಸರು ಮೊದಲಿನಂತೆ ಗಟ್ಟಿಯಾಗುವುದಿಲ್ಲ, ಜೆಲ್ ಇಂಕು ಕಾಗದಕ್ಕೆ ಇಳಿದ ಕೂಡಲೇ ಮತ್ತೆ ಗಟ್ಟಿಯಾಗುತ್ತದೆ. ಗುಂಡು ತಿರುಗುವಾಗ ಅದರ ಸುತ್ತಲಿನ ಇಂಕು ತೆಳುವಾಗಿ ಹರಿಯುತ್ತದೆ. ಗುಂಡು ನಿಂತೊಡನೆ ಇಂಕೂ ನಿಲ್ಲುತ್ತದೆ. ಆದ್ದರಿಂದಲೇ ಅಕ್ಷರ ಹರಡುವುದಿಲ್ಲ, ಜೇಬಿನಲ್ಲಿ ಇಂಕು ಸೋರುವುದಿಲ್ಲ.

ರೀಫಿಲ್‌ನ ಹಿಂಬದಿಯಲ್ಲಿ, ಇಂಕಿನ ಮೇಲೆ, ಬಣ್ಣವಿಲ್ಲದ ಜಿಡ್ಡಿನಂಥ ಪದಾರ್ಥವೊಂದು ಕಾಣುತ್ತದೆ. ಇಂಕು ಕೆಟ್ಟು ನೀರೊಡೆದಿದೆ ಎಂದು ಅನೇಕ ಮಕ್ಕಳು ಇದನ್ನು ಕಂಡು ತಪ್ಪು ತಿಳಿಯುತ್ತಾರೆ. ಇದು ಇಂಕಿನ ಮುಚ್ಚಳ. ಕೊಳವೆಯ ಹಿಂಬದಿ ತೆರೆದಿರುವುದರಿಂದ ನೀರು ಆವಿಯಾಗಿ ಹೋಗದಂತೆ, ಇಂಕು ಹಿಂದಕ್ಕೆ ಹರಿಯದಂತೆ ಈ ಜಿಡ್ಡು ತಡೆಯುತ್ತದೆ. ಇಂಕು ಖರ್ಚಾದಂತೆ ಅದರ ಬೆನ್ನ ಹಿಂದೆಯೇ ಇಳಿದುಬರುತ್ತದೆ.

ಮೊದಲು ರೋಗ ಯಾವುದೆಂದು ನೋಡಿ

ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡುವ ವೈದ್ಯರನ್ನು ಯಾರೂ ಮೆಚ್ಚುವುದಿಲ್ಲ. ರೀಫಿಲ್‌ಗೂ ಅಷ್ಟೆ. ಪೆನ್ನಿನಿಂದ ಹೊರತೆಗೆದು ಬೆಳಕಿಗೆ ಹಿಡಿದು ನೋಡಿದರೆ ನಾಲ್ಕು ಸ್ಥಿತಿಗಳಲ್ಲಿ ಒಂದು ಕಾಣಿಸುತ್ತದೆ.

ಒಂದು: ಇಂಕು ಮೊನೆಯ ಲೋಹದವರೆಗೂ ಎಡೆಬಿಡದೆ ತುಂಬಿದೆ, ಆದರೂ ಬರೆಯುತ್ತಿಲ್ಲ. ಇಲ್ಲಿ ಗುಂಡಿನ ಸುತ್ತ ಇಂಕು ಒಣಗಿರಬೇಕು, ಇಲ್ಲವೆ ಕಾಗದದ ನಾರು, ಸೀಮೆಸುಣ್ಣದ ಪುಡಿ ಅಥವಾ ಎಣ್ಣೆಯ ಜಿಡ್ಡು ಸಿಕ್ಕಿಕೊಂಡಿರಬೇಕು.

ಎರಡು: ಮೊನೆಗೂ ಇಂಕಿಗೂ ನಡುವೆ, ಅಥವಾ ಇಂಕಿನ ಮಧ್ಯದಲ್ಲಿ ಖಾಲಿ ಜಾಗವಿದೆ. ಇದು ಗಾಳಿಗುಳ್ಳೆ. ಪೆನ್ ಕೈಜಾರಿ ಬಿದ್ದಾಗ, ಹಾಸಿಗೆಯಲ್ಲಿ ಅಂಗಾತ ಮಲಗಿ ಬರೆದಾಗ, ಮೊನೆ ಮೇಲಾಗಿ ಬಹುಕಾಲ ಇಟ್ಟಾಗ ಗಾಳಿ ಒಳಸೇರುತ್ತದೆ. ಗುಂಡಿಗೆ ಇಂಕು ತಾಗದಿದ್ದ ಮೇಲೆ ಎಷ್ಟು ಉರುಳಿದರೂ ಪ್ರಯೋಜನವಿಲ್ಲ.

ಮೂರು: ಮೊನೆ ಬಾಗಿದೆ, ಇಂಕು ಸೋರುತ್ತಿದೆ, ಅಥವಾ ಭೂತಗನ್ನಡಿಯಲ್ಲಿ ನೋಡಿದರೆ ಗುಂಡೇ ಇಲ್ಲ. ಮೊನೆ ಕೆಳಗಾಗಿ ಗಟ್ಟಿ ನೆಲಕ್ಕೆ ಬಿದ್ದ ಪೆನ್ನಿನ ಗತಿ ಹೆಚ್ಚಾಗಿ ಇದೇ. ಇದಕ್ಕೆ ಮನೆಯಲ್ಲಿ ಚಿಕಿತ್ಸೆಯಿಲ್ಲ.

ನಾಲ್ಕು: ಕೊಳವೆಯಲ್ಲಿ ಜಿಡ್ಡು ಮಾತ್ರ ಉಳಿದಿದೆ, ಇಂಕು ಮುಗಿದಿದೆ. ಅದು ತನ್ನ ಕೆಲಸ ಮುಗಿಸಿದ ರೀಫಿಲ್.

ಮೊನೆ ಒಣಗಿದ್ದರೆ

ಮೊದಲ ಚಿಕಿತ್ಸೆ ಅತ್ಯಂತ ಸರಳ. ಒಂದು ಒರಟು ಕಾಗದವನ್ನು ಹಳೆಯ ನೋಟ್‌ಪುಸ್ತಕದ ಮೇಲಿಟ್ಟು, ಹಗುರವಾದ ಕೈಯಿಂದ ಇಪ್ಪತ್ತು ಮೂವತ್ತು ಸೊನ್ನೆಗಳನ್ನು ಸುತ್ತಿ. ಅಡಿಯಲ್ಲಿ ಹಾಳೆಗಳ ಮೆತ್ತೆ ಇದ್ದರೆ ಗುಂಡಿಗೆ ಹಿಡಿತ ಸಿಗುತ್ತದೆ. ಬರಿಯ ಮೇಜಿನ ಮೇಲೆ ಅದು ತಿರುಗದೆ ಜಾರುತ್ತದೆ. ಇದಕ್ಕೂ ಬಗ್ಗದಿದ್ದರೆ ಅಳಿಸುವ ರಬ್ಬರಿನ ಮೇಲೆ ಮೆಲ್ಲಗೆ ಎಳೆಯಿರಿ. ರಬ್ಬರಿನ ಘರ್ಷಣೆ ಕಾಗದದ ಘರ್ಷಣೆಗಿಂತ ಹೆಚ್ಚು. ಅಂಟಿಕೊಂಡ ಗುಂಡು ಕದಲುವ ಸಾಧ್ಯತೆ ಇಲ್ಲಿ ಜಾಸ್ತಿ.

ಎರಡನೆಯದು ಬಿಸಿನೀರು. ಬೆರಳು ಅದ್ದಿ ಹಿಡಿಯಬಹುದಾದಷ್ಟೇ ಬಿಸಿ ಸಾಕು. ಲೋಟದ ನೀರಿನಲ್ಲಿ ಮೊನೆಯ ಲೋಹದ ಭಾಗ ಮಾತ್ರ ಮುಳುಗುವಂತೆ ಒಂದೆರಡು ನಿಮಿಷ ಹಿಡಿದು, ಬಟ್ಟೆಯಿಂದ ಒರೆಸಿ ಮತ್ತೆ ಗೀಚಿ. ಜೆಲ್ ಇಂಕು ನೀರಿನಿಂದಲೇ ಆದದ್ದು. ಒಣಗಿದ ಪದರಕ್ಕೆ ನೀರು ಸಿಕ್ಕರೆ ಅದು ಮೆದುವಾಗುತ್ತದೆ. ಎರಡು ಮೂರು ಬಾರಿ ಹೀಗೆ ಮಾಡಬೇಕಾಗಬಹುದು.

ಆದರೂ ಕೆಲವು ರೀಫಿಲ್‌ಗಳು ಮಣಿಯುವುದಿಲ್ಲ. ಒಳ್ಳೆಯ ಜೆಲ್ ಇಂಕು ಒಮ್ಮೆ ಒಣಗಿದರೆ ನೀರು ಬಿದ್ದರೂ ಸುಲಭವಾಗಿ ಅಳಿಯುವುದಿಲ್ಲ. ಉತ್ತರಪತ್ರಿಕೆಯ ಮೇಲೆ ಬೆವರಿನ ಹನಿ ಬಿದ್ದಾಗ ಇದೇ ಗುಣ ವಿದ್ಯಾರ್ಥಿಯನ್ನು ಕಾಪಾಡುತ್ತದೆ. ಅದೇ ಇಂಕು ಮೊನೆಯಲ್ಲಿ ಒಣಗಿದರೆ ಆ ಗುಣವೇ ತೊಂದರೆ. ತಿಂಗಳುಗಟ್ಟಲೆ ಮುಚ್ಚಳವಿಲ್ಲದೆ ಬಿದ್ದಿದ್ದ ರೀಫಿಲ್‌ಗಿಂತ ಮೊನ್ನೆ ನಿಂತ ರೀಫಿಲ್ ಬದುಕುವ ಸಂಭವ ಹೆಚ್ಚು.

ಗಾಳಿ ಸೇರಿದ್ದರೆ

ಗಾಳಿಗುಳ್ಳೆಯ ರೀಫಿಲ್‌ಗೆ ಬಿಸಿನೀರು ಉಪಯೋಗವಿಲ್ಲ. ನೀರು ತುಂಬಿದ ಬಾಟಲಿಯಲ್ಲಾದರೆ ಗುಳ್ಳೆ ತಾನಾಗಿ ಮೇಲೇರುತ್ತದೆ. ಜೆಲ್ ಇಂಕು ಅಲುಗದೆ ನಿಂತಾಗ ಗಟ್ಟಿಯಾದ್ದರಿಂದ, ಮೊನೆ ಕೆಳಗೆ ಮಾಡಿ ಇಡೀ ರಾತ್ರಿ ನಿಲ್ಲಿಸಿದರೂ ಗುಳ್ಳೆ ಇದ್ದಲ್ಲೇ ಇರಬಹುದು. ಅದನ್ನು ಕದಲಿಸಲು ಗುರುತ್ವ ಸಾಲದು. ಅದಕ್ಕಿಂತ ದೊಡ್ಡ ಬಲ ಬೇಕು.

ಅಂಥ ಬಲ ನಮ್ಮ ಹಳ್ಳಿಗಳಿಗೆ ಅಪರಿಚಿತವಲ್ಲ. ಜೋಳದ ಹೊಲದಲ್ಲಿ ಹಕ್ಕಿ ಕಾಯುವವರು ಕವಣೆಯಲ್ಲಿ ಕಲ್ಲಿಟ್ಟು ಬೀಸುವಾಗ ಕಲ್ಲು ಹೊರಕ್ಕೆ ಚಿಮ್ಮಲು ತವಕಿಸುತ್ತದೆ. ಮಲೆನಾಡಿನ ಜೇನು ಸಾಕುವವರು ಹುಟ್ಟುಗಳನ್ನು ಪೀಪಾಯಿಯಂಥ ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿದಾಗ, ಮೇಣ ಮುರಿಯದೆ ಜೇನು ಮಾತ್ರ ಹೊರಚಿಮ್ಮುತ್ತದೆ. ಪಾದರಸದ ಜ್ವರಮಾಪಕವನ್ನು ಕಾಂಪೌಂಡರ್ ಜಾಡಿಸುತ್ತಿದ್ದುದೂ ಇದೇ ತತ್ವದಿಂದ.

ರೀಫಿಲ್‌ಗೆ ಇದನ್ನು ಅನ್ವಯಿಸುವ ಬಗೆ ಹೀಗೆ. ರೀಫಿಲ್ಲನ್ನು ಪೆನ್ನಿಗೆ ಸೇರಿಸಿ ಮುಚ್ಚಳ ಹಾಕಿ, ಮುಚ್ಚಳ ಕಳಚದಂತೆ ಟೇಪ್ ಸುತ್ತಿ. ಹಳೆಯ ಕಾಲುಚೀಲದ ತುದಿಗೆ ಮೊನೆ ಬರುವಂತೆ ಪೆನ್ ಇಳಿಸಿ, ಅದು ಒಳಗೆ ತಿರುಗಿಕೊಳ್ಳದಂತೆ ದಾರದಿಂದ ಬಿಗಿಯಾಗಿ ಕಟ್ಟಿ. ಕಾಲುಚೀಲದ ಬಾಯಿಗೆ ಗಟ್ಟಿ ಹುರಿ ಕಟ್ಟಿ, ಕೈಯಿಂದ ಪೆನ್ನಿನವರೆಗೆ ಒಟ್ಟು ಮುಕ್ಕಾಲು ಮೀಟರ್ ಉದ್ದ ಬರುವಂತೆ ನೋಡಿಕೊಳ್ಳಿ. ಅಂಗಳಕ್ಕೆ ಬಂದು, ಹತ್ತಿರ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಸೆಕೆಂಡಿಗೆ ಎರಡು ಸುತ್ತಿನಂತೆ ಇಪ್ಪತ್ತು ಸುತ್ತು ಬೀಸಿ. ಆಮೇಲೆ ತೆಗೆದು ನೋಡಿ. ಗುಳ್ಳೆ ಇನ್ನೂ ಇದ್ದರೆ ಮತ್ತೊಮ್ಮೆ ಬೀಸಿ.

ಇಲ್ಲಿ ನಡೆಯುವುದೇನು? ಹುರಿ ಪೆನ್ನನ್ನು ಕ್ಷಣಕ್ಷಣವೂ ಕೇಂದ್ರದತ್ತ ಎಳೆಯುತ್ತಿದೆ. ಒಳಗಿನ ಇಂಕು ಜಡತ್ವದಿಂದಾಗಿ ನೇರ ದಾರಿಯಲ್ಲೇ ಹೋಗಬಯಸುತ್ತದೆ. ಆದ್ದರಿಂದ ಮೊನೆಯತ್ತ ಒತ್ತಿಕೊಳ್ಳುತ್ತದೆ. ಅದು ಹೊರಕ್ಕೆ ಸರಿದಾಗ ಹಗುರವಾದ ಗಾಳಿ ಹಿಂದಕ್ಕೆ ಜರುಗಬೇಕಾಗುತ್ತದೆ. ಇದನ್ನೇ ಸಾಮಾನ್ಯವಾಗಿ ಕೇಂದ್ರಾಪಗಾಮಿ ಬಲ ಎನ್ನುತ್ತೇವೆ.

ಪ್ರೌಢಶಾಲೆ ದಾಟಿದ ಮಕ್ಕಳು ಲೆಕ್ಕವನ್ನೂ ಮಾಡಬಹುದು. ಸೆಕೆಂಡಿಗೆ ಎರಡು ಸುತ್ತು ಎಂದರೆ ಕೋನೀಯ ವೇಗ ಸುಮಾರು 12.57 ರೇಡಿಯನ್. ಅದರ ವರ್ಗ ಸುಮಾರು 158. ಅದನ್ನು ತ್ರಿಜ್ಯ 0.75ರಿಂದ ಗುಣಿಸಿದರೆ ವೇಗೋತ್ಕರ್ಷ ಸುಮಾರು 118. ಗುರುತ್ವದ ವೇಗೋತ್ಕರ್ಷ 9.8. ಅಂದರೆ ಇಂಕು ಅನುಭವಿಸುವುದು ಗುರುತ್ವದ ಸುಮಾರು 12 ಪಟ್ಟು ಸೆಳೆತ! ಹುರಿಯ ಉದ್ದ ಇಮ್ಮಡಿಸಿದರೆ ಸೆಳೆತ ಇಮ್ಮಡಿಯಾಗುತ್ತದೆ. ವೇಗ ಇಮ್ಮಡಿಸಿದರೆ ನಾಲ್ಕು ಪಟ್ಟಾಗುತ್ತದೆ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಮೊನೆ ಯಾವಾಗಲೂ ಹೊರಗಡೆಗೇ ಇರಬೇಕು. ತಿರುವುಮುರುವಾದರೆ ಇಂಕು ಜಿಡ್ಡನ್ನು ತಳ್ಳಿಕೊಂಡು ತೆರೆದ ಹಿಂಬದಿಯಿಂದ ಹೊರಬರುತ್ತದೆ. ಇನ್ನು, ಶ್ರಮ ಉಳಿಸಲು ಫ್ಯಾನಿನ ರೆಕ್ಕೆಗೆ ಪೆನ್ ಕಟ್ಟುವ ಸಾಹಸವನ್ನು ಯಾರೂ ಮಾಡಕೂಡದು. ಕಟ್ಟು ಬಿಚ್ಚಿದರೆ ಆ ಪೆನ್ ಯಾರ ಕಣ್ಣಿಗೆ ತಾಗೀತೋ ಹೇಳಲಾಗದು.

ಮಾಡಬಾರದ ಚಿಕಿತ್ಸೆಗಳು

ಬೆಂಕಿಕಡ್ಡಿ ಗೀರಿ ಮೊನೆಗೆ ಹಿಡಿಯುವುದು ಬಹಳ ಮಂದಿ ಮಾಡುವ ತಪ್ಪು. ಜೆಲ್ ಇಂಕಿನಲ್ಲಿರುವುದು ನೀರು. ಅದು ಕುದಿದು ಆವಿಯಾದರೆ ಮೊನೆ ಇನ್ನಷ್ಟು ಒಣಗುತ್ತದೆ. ಪ್ಲಾಸ್ಟಿಕ್ ಕೊಳವೆ ಮೆತ್ತಗಾಗಿ ಇಂಕು ಸಿಡಿಯಲೂಬಹುದು.

ಹಿಂಬದಿಯಿಂದ ಬಾಯಿಟ್ಟು ಊದುವುದೂ ಸಲ್ಲದು. ಉಸಿರಿನ ಒತ್ತಡ ಜಿಡ್ಡಿನ ಮುಚ್ಚಳವನ್ನು ಛಿದ್ರ ಮಾಡುತ್ತದೆ. ಇಂಕು ಬಾಯಿಗೂ ಬರಬಹುದು. ಸೂಜಿ ಹಾಕಿ ಕಲಕಿದರೂ ಅದೇ ಫಲ, ಜೊತೆಗೆ ಹೊಸ ಗಾಳಿಗುಳ್ಳೆಗಳು.

ಸ್ಪಿರಿಟ್ ಅಥವಾ ಸ್ಯಾನಿಟೈಸರ್‌ನಲ್ಲಿ ಅದ್ದಿ ಎನ್ನುವವರಿದ್ದಾರೆ. ಎಣ್ಣೆ ಇಂಕಿನ ಬಾಲ್ ಪೆನ್ನಿಗೆ ಇದು ಕೆಲವೊಮ್ಮೆ ಒದಗುತ್ತದೆ, ಏಕೆಂದರೆ ಅದರ ಬಣ್ಣ ಆಲ್ಕೊಹಾಲ್‌ನಲ್ಲಿ ಕರಗುತ್ತದೆ. ಜೆಲ್ ಪೆನ್ನಿನ ಕಥೆ ಬೇರೆ. ಕಾರ್ಖಾನೆಯಲ್ಲಿ ಕ್ಸಾಂಥನ್ ಅಂಟನ್ನು ದ್ರಾವಣದಿಂದ ಬೇರ್ಪಡಿಸುವುದೇ ಆಲ್ಕೊಹಾಲ್ ಸುರಿದು! ಕಾದ ಹಾಲಿಗೆ ಲಿಂಬೆ ಹಿಂಡಿದಂತೆ ಅಂಟು ಗಡ್ಡೆಗಟ್ಟಿ ಮೊನೆ ಇನ್ನಷ್ಟು ಬಿಗಿಯಾದೀತು. ಆದ್ದರಿಂದ ಬಾಲ್ ಪೆನ್ನಿನ ಔಷಧವನ್ನು ಜೆಲ್ ಪೆನ್ನಿಗೆ ಹಾಕುವ ಮೊದಲು ಯೋಚಿಸಬೇಕು.

ಎಲ್ಲಕ್ಕಿಂತ ಸಾಮಾನ್ಯ ತಪ್ಪು ಒತ್ತಿ ಬರೆಯುವುದು. ಒತ್ತಿದಷ್ಟೂ ಗುಂಡು ಬಟ್ಟಲಿನೊಳಕ್ಕೆ ಕುಸಿದು ಅಂಚು ಸವೆಯುತ್ತದೆ. ಬದುಕಬಹುದಾಗಿದ್ದ ರೀಫಿಲ್ ಅಲ್ಲಿಗೆ ಮುಗಿಯಿತು.

ತರಗತಿಯಲ್ಲೊಂದು ಪ್ರಯೋಗ

ಹಣ ಖರ್ಚಿಲ್ಲದೆ ಇದನ್ನು ಒಂದು ಉತ್ತಮ ವಿಜ್ಞಾನ ಪ್ರಯೋಗವಾಗಿ ಮಾಡಬಹುದು. ತರಗತಿಯಲ್ಲಿ ಒಂದು ಡಬ್ಬ ಇಟ್ಟು, ನಿಂತ ರೀಫಿಲ್‌ಗಳನ್ನು ತಿಂಗಳ ಕಾಲ ಸಂಗ್ರಹಿಸಿ. ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ: ಇಂಕಿನ ಪ್ರಮಾಣ, ದೋಷ, ಮಾಡಿದ ಚಿಕಿತ್ಸೆ, ಫಲಿತಾಂಶ. ಒಂದು ರೀಫಿಲ್‌ಗೆ ಒಂದೇ ಚಿಕಿತ್ಸೆ ಇರಲಿ. ಬಿಸಿನೀರಿಗೂ ಅದ್ದಿ ಬೀಸಿಯೂ ನೋಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಕೆಲವನ್ನು ಯಾವ ಚಿಕಿತ್ಸೆಯೂ ಇಲ್ಲದೆ ಪಕ್ಕಕ್ಕಿಡಿ. ಸುಮ್ಮನೆ ಇಟ್ಟದ್ದೂ ಒಮ್ಮೊಮ್ಮೆ ಬರೆಯಲಾರಂಭಿಸಬಹುದು. ಹೋಲಿಕೆಗೆ ಅದು ಬೇಕು. ಬರೆಯದೇ ಉಳಿದವುಗಳ ಲೆಕ್ಕವನ್ನೂ ಪ್ರಾಮಾಣಿಕವಾಗಿ ಬರೆದಿಡಬೇಕು.

ಪರೀಕ್ಷೆಗೆ ಯಾವ ಪೆನ್?

ಪೋಷಕರು ಇಲ್ಲಿ ಒಂದು ಮಾತು ಗಮನಿಸಬೇಕು. ಮತ್ತೆ ಬದುಕಿದ ರೀಫಿಲ್ ಮನೆಗೆಲಸಕ್ಕೆ, ಲೆಕ್ಕದ ಅಭ್ಯಾಸಕ್ಕೆ, ಟಿಪ್ಪಣಿಗೆ ಚೆನ್ನಾಗಿ ಒದಗುತ್ತದೆ. ಅದನ್ನೇ ನೆಚ್ಚಿಕೊಂಡು ಪರೀಕ್ಷೆಗೆ ಹೋಗುವುದು ಜಾಣತನವಲ್ಲ. ಪರೀಕ್ಷೆಗೆ ಕನಿಷ್ಠ ಎರಡು ಒಳ್ಳೆಯ ಪೆನ್ ಬೇಕು. ಅವೂ ಆಗಷ್ಟೇ ಅಂಗಡಿಯಿಂದ ತಂದವಾಗಿರದೆ, ಮನೆಯಲ್ಲಿ ಎರಡು ಪುಟವಾದರೂ ಬರೆದು ನೋಡಿದವಾಗಿರಲಿ. ಹಳೆಯ ರೀಫಿಲ್‌ನಿಂದ ಅಭ್ಯಾಸ ನಡೆದರೆ ಹೊಸ ಪೆನ್ನಿನ ಇಂಕು ಪರೀಕ್ಷೆಗೆ ಉಳಿಯುತ್ತದೆ.

ನಿಲ್ಲದಂತೆ ನೋಡಿಕೊಳ್ಳುವುದು ಚಿಕಿತ್ಸೆಗಿಂತ ಸುಲಭ. ಬರೆದಾದ ಕೂಡಲೇ ಮುಚ್ಚಳ ಹಾಕಬೇಕು. ಪೆನ್ನನ್ನು ಮಲಗಿಸಿ ಅಥವಾ ಮೊನೆ ಕೆಳಗಾಗಿ ಇಡಬೇಕು. ಗೋಡೆಯ ಮೇಲೆ, ಅಂಗಾತ ಮಲಗಿ ಬರೆಯಬಾರದು. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಹಾಳೆ ಮುಟ್ಟಬಾರದು. ಜಿಡ್ಡು ತಾಗಿದ ಕಾಗದದ ಮೇಲೆ ಗುಂಡು ಉರುಳದೆ ಜಾರುತ್ತದೆ.

ಆಟೊ ಓಡಿಸುವ ಆ ತಂದೆಯ ಮನೆಯಂಗಳದಲ್ಲಿ ಮರುದಿನ ಬೆಳಿಗ್ಗೆ ಕಾಲುಚೀಲ ಗಿರಗಿರನೆ ತಿರುಗಿತು. ಇಂಕಿದ್ದ ಆರು ರೀಫಿಲ್‌ಗಳಲ್ಲಿ ಮೂರಕ್ಕೆ ಗಾಳಿ ಸೇರಿತ್ತು, ಮೂರರ ಮೊನೆ ಒಣಗಿತ್ತು. ಬೀಸಿದ್ದರಲ್ಲಿ ಮೂರೂ ಬರೆದವು. ಬಿಸಿನೀರಿಗೆ ಅದ್ದಿದ್ದರಲ್ಲಿ ಒಂದು ಬರೆಯಿತು, ಎರಡು ಬರೆಯಲಿಲ್ಲ. ಮಗಳು ನಾಲ್ಕನ್ನು ಕಂಪಾಸ್ ಪೆಟ್ಟಿಗೆಗೆ ಹಾಕಿಕೊಂಡಳು. ತಮ್ಮನ ಪೆನ್ಸಿಲ್ ಅವನ ಚೀಲಕ್ಕೆ ಮರಳಿತು.

‘ಅಪ್ಪಾ, ಪರೀಕ್ಷೆಗೆ ಮಾತ್ರ ಎರಡು ಹೊಸ ಪೆನ್ ಬೇಕು. ಈಗಲೇ ಬೇಡ, ಮುಂದಿನ ವಾರ ಕೊಡಿಸು’ ಎಂದಳು. ಈ ಬಾರಿ ಕೇಳುವಾಗ ಅವಳ ದನಿಯಲ್ಲಿ ಮುಜುಗರವಿರಲಿಲ್ಲ.